ಹಳೆ ಬೇಟೆ ರೈಫಲ್ ಕೊಳ್ಳುವಾಗ ನಾನು ಮೊದಲು ಸ್ಕ್ರೂ ನೋಡುತ್ತೇನೆ

ಹಳೆ ಬೇಟೆ ರೈಫಲ್ ಒಂದನ್ನು ಯಾರಾದರೂ ಕೈಗೆ ಕೊಟ್ಟರೆ ಮೊದಲ ಕೆಲಸ ಗೊತ್ತೇ ಇದೆ. ರೈಫಲ್ಲಿನ ಬಾಯಿಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ, ತೋಟೆಯ ಹಿಂದೆ ಮುಚ್ಚುವ ಬೋಲ್ಟ್ ಎಳೆದು, ಒಳಗೆ ತೋಟೆ ಇಲ್ಲ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡುವುದು. ಅದಾದ ಮೇಲೆ ನನ್ನ ಕಣ್ಣು ಹೋಗುವುದು ಟ್ರಿಗರ್ ಸುತ್ತ ಇರುವ ಬಳೆಯ, ಅಂದರೆ ಟ್ರಿಗರ್ ಗಾರ್ಡಿನ, ಹಿಂದೆ ಮುಂದೆ ಇರುವ ಸ್ಕ್ರೂಗಳ ಮೇಲೆ. ಬ್ಯಾರೆಲ್, ಮರ, ಕಂಪನಿ ಹೆಸರು ಎಲ್ಲ ಆಮೇಲೆ.

ಲೇತ್ ಮುಂದೆ ನಿಂತು ವಯಸ್ಸು ಕಳೆದವನು ನಾನು, ಅಭ್ಯಾಸ ಹೋಗುವುದಿಲ್ಲ. ಒಳ್ಳೆ ರೈಫಲ್ಲಿನ ಸ್ಕ್ರೂ ತಲೆಯ ಸೀಳು ಕಿರಿದಾಗಿ, ಎರಡೂ ಗೋಡೆ ನೇರವಾಗಿ ಇರುತ್ತದೆ. ಮನೆಯ ಡಬ್ಬಿಯಲ್ಲಿ ಸಿಗುವ ಸ್ಕ್ರೂಡ್ರೈವರಿನ ತುದಿಯಾದರೋ ಇಳಿಜಾರು. ಅದು ಸೀಳಿನ ತಳ ಮುಟ್ಟುವುದಿಲ್ಲ, ಮೇಲಂಚಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಲ ಹಾಕಿದರೆ ಅಂಚು ಕಿತ್ತುಕೊಂಡು ಮೇಲೆ ಏಳುತ್ತದೆ. ಬೆರಳು ಆಡಿಸಿದರೆ ಚುಚ್ಚುತ್ತದೆ. ಕೋವಿ ರಿಪೇರಿಯವರು ತುದಿಯನ್ನು ಸೀಳಿಗೆ ಸರಿಯಾಗಿ ಉಜ್ಜಿಕೊಂಡು ಕೆಲಸ ಮಾಡುತ್ತಾರೆ, ಗುರುತೇ ಬೀಳುವುದಿಲ್ಲ. ಹಾಗಾಗಿ ಕಿತ್ತ ಸ್ಕ್ರೂ ಕಂಡರೆ, ಕೆಲಸ ಗೊತ್ತಿಲ್ಲದವರು ಯಾರೋ ಇದನ್ನು ಬಿಚ್ಚಿದ್ದಾರೆ ಅಂತ ಅರ್ಥ. ಬಿಚ್ಚಿ ಏನು ಮಾಡಿದರು? ಟ್ರಿಗರ್ ಸ್ಪ್ರಿಂಗ್ ಸಡಿಲ ಮಾಡಿದರಾ? ಬೋಲ್ಟ್ ಕಚ್ಚುವ ಜಾಗ ಉಜ್ಜಿದರಾ? ಮುಂದಿನ ಪರೀಕ್ಷೆಯೆಲ್ಲ ಈ ಅನುಮಾನ ಇಟ್ಟುಕೊಂಡೇ ನಡೆಯುತ್ತದೆ.

ಲೈಸೆನ್ಸ್ ವಿಷಯ ಒಂದೇ ಮಾತಲ್ಲಿ ಮುಗಿಸುತ್ತೇನೆ. ನೀವಿರುವ ಕಡೆ ಕಾನೂನು ಏನು ಹೇಳುತ್ತದೋ ಆ ಕಾಗದ ಮೊದಲು, ರೈಫಲ್ ಆಮೇಲೆ. ನಂಬರ್ ಅಳಿಸಿದ, ತಿದ್ದಿದ ರೈಫಲ್ ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ.

ಈಗ ಬೆಲೆ. ಹಳೆ ರೈಫಲ್ಲಿಗೆ ಎರಡು ಬೆಲೆ ಇರುತ್ತವೆ. ಸಂಗ್ರಹಕಾರ ಕೊಡುವುದು ಒಂದು, ಹಾರಿಸುವವನು ಕೊಡುವುದು ಇನ್ನೊಂದು. ಸಂಗ್ರಹಕಾರನಿಗೆ ಅದು ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಹಾಗೇ ಇರಬೇಕು. ಒಂದು ತೂತು ಜಾಸ್ತಿ ಕೊರೆದಿದ್ದರೆ, ಭುಜಕ್ಕೆ ಒತ್ತುವ ಬುಡದ ಮರ ಅರ್ಧ ಇಂಚು ಕತ್ತರಿಸಿದ್ದರೆ ಅವನು ಮೂಗು ಮುರಿಯುತ್ತಾನೆ. ಆ ತೂತಿನಿಂದ ಗುಂಡಿನ ದಾರಿ ಒಂದು ಕೂದಲೆಳೆಯಷ್ಟೂ ಬದಲಾಗುವುದಿಲ್ಲ, ಆದರೂ ಬೆಲೆ ಧೊಪ್ಪನೆ ಬೀಳುತ್ತದೆ. ನಮ್ಮಂಥವರು ಕೈ ಹಾಕಬೇಕಾದ್ದು ಅಲ್ಲೇ. ಸಂಗ್ರಹಕ್ಕೆ ಕೆಟ್ಟದ್ದು, ಹಾರಿಸುವುದಕ್ಕೆ ಕೆಡದೇ ಇರುವುದು. ನಾನು ಹುಡುಕುವುದು ಅಂಥದ್ದನ್ನು ಮಾತ್ರ.

ಉದಾಹರಣೆಗೆ ವಿಂಚೆಸ್ಟರ್ ಮಾಡೆಲ್ 70. 1936ರಲ್ಲಿ ಬಂದದ್ದು. 1964ರಲ್ಲಿ ಕಂಪನಿ ಖರ್ಚು ಇಳಿಸಲು ವಿನ್ಯಾಸ ಬದಲಿಸಿತು. ತೋಟೆಯ ಅಂಚನ್ನು ಮೊದಲಿನಿಂದಲೇ ಕಚ್ಚಿ ಹಿಡಿದು, ಖಾಲಿಯಾದ ಮೇಲೆ ಹೊರಗೆಳೆಯುವ ಅಗಲದ ಕೊಕ್ಕೆ, ಅಂದರೆ ಎಕ್ಸ್‌ಟ್ರಾಕ್ಟರ್ ಹೋಯಿತು, ಕೈಯಲ್ಲಿ ಕೊರೆಯುತ್ತಿದ್ದ ಮರದ ಚೌಕುಳಿ ಗೆರೆ ಹೋಗಿ ಅಚ್ಚೊತ್ತಿದ ಗೆರೆ ಬಂತು. ಅಂದಿನಿಂದ 64ಕ್ಕೆ ಮುಂಚಿನದು ಅಂದರೆ ಬೇರೆಯೇ ರೇಟು. ಅದರಲ್ಲೂ ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾಡೆಲ್ 70ಗಳಿಗೆ ಬೋಲ್ಟ್ ಓಡಾಡುವ ಗೂಡಿನ (ರಿಸೀವರ್) ಹಿಂದಿನ ಸೇತುವೆಯ ಮೇಲೆ ದೂರದರ್ಶಕ ಕೂರಿಸುವ ಸ್ಕ್ರೂ ತೂತು ಇರುತ್ತಿರಲಿಲ್ಲ. ಆಮೇಲೆ ಯಾರೋ ಸ್ಕೋಪ್ ಕೂರಿಸಲು ಅಲ್ಲಿ ಕೊರೆಸಿದರು. ಸಂಗ್ರಹಕಾರನ ಲೆಕ್ಕದಲ್ಲಿ ಅದು ಹಾಳಾದ ಮಾಲು. ಸ್ಕೋಪ್ ಹಾಕಿ ಬೇಟೆಗೆ ಹೋಗುವವನಿಗೆ, ತಾನು ದುಡ್ಡು ಕೊಟ್ಟು ಮಾಡಿಸಬೇಕಿದ್ದ ಕೆಲಸ ಮೊದಲೇ ಆಗಿದೆ ಅಷ್ಟೆ. ಆದರೆ ತೂತುಗಳು ನೆಟ್ಟಗಿವೆಯಾ ಅಂತ ನೋಡಲೇಬೇಕು. ಬ್ಯಾರೆಲ್ಲಿನ ಉದ್ದಕ್ಕೂ ಕಣ್ಣು ಹಾಯಿಸಿ, ಸ್ಕೋಪ್ ಕೂರುವ ಬೇಸ್ ಒಂದು ಪಕ್ಕಕ್ಕೆ ಎಳೆದಿದ್ದರೆ ಬಿಟ್ಟುಬಿಡಿ. ಸ್ಕೋಪಿನ ಗುಂಡಿ ಪೂರ್ತಿ ತಿರುಗಿಸಿದರೂ ಗುರಿ ಸೇರುವುದಿಲ್ಲ.

ನನ್ನ ಹತ್ತಿರ ಇರುವ ರೆಮಿಂಗ್ಟನ್ 722 ಇದೇ ಜಾತಿಯದು. 721 ಮತ್ತು 722 ಎರಡೂ 1948ರಲ್ಲಿ ಬಂದವು. ಉದ್ದ ತೋಟೆಗೆ 721, ಗಿಡ್ಡ ತೋಟೆಗೆ 722. ಕಡಿಮೆ ಖರ್ಚಲ್ಲಿ ಮಾಡಲೆಂದೇ ರಿಸೀವರನ್ನು ದುಂಡು ಕಂಬಿಯಿಂದ ಲೇತಿನಲ್ಲಿ ತಿರುಗಿಸಿ ತೆಗೆದರು, ಟ್ರಿಗರ್ ಗಾರ್ಡನ್ನು ತಗಡು ಒತ್ತಿ ಮಾಡಿದರು. ನೋಡಲು ಏನೇನೂ ಚಂದ ಇಲ್ಲ. 1962ರಲ್ಲಿ ಬಂದ 700 ಇದರ ಮೇಲೆಯೇ ಕಟ್ಟಿದ್ದು, ಅಲಂಕಾರ ಸೇರಿಸಿ. ಹೆಸರೆಲ್ಲ 700ಕ್ಕೆ ಹೋಯಿತು, 722 ಮೂಲೆಗೆ ಬಿತ್ತು. ನನ್ನದರ ಬುಡದ ಮರವನ್ನು ಯಾರೋ ಕತ್ತರಿಸಿ ರಬ್ಬರ್ ಪ್ಯಾಡ್ ಅಂಟಿಸಿದ್ದಾರೆ. ಪ್ಯಾಡ್ ಗಟ್ಟಿಯಾಗಿ ಬಿರುಕು ಬಿಟ್ಟು, ಕೈಗೆ ಕಂದು ಪುಡಿ ಹತ್ತುತ್ತದೆ. ಮರದ ಮೇಲೆ ಹಳೆ ಹೆಗಲ ಪಟ್ಟಿಯ ಉಂಗುರ ಕಿತ್ತ ಗುಳಿಗೆ ಮೇಣ ತುಂಬಿದ್ದಾರೆ. ಆದರೆ ಬ್ಯಾರೆಲ್ ಕನ್ನಡಿ. ತೋಟೆ .300 ಸ್ಯಾವೇಜ್. ಅದನ್ನು ಕೊಳ್ಳಲು ಸಾಲು ನಿಂತವರು ಯಾರೂ ಇರಲಿಲ್ಲ, ಅದಕ್ಕೇ ನನ್ನ ಕೈಗೆ ಎಟುಕಿತು.

ಬಣ್ಣದ ವಿಷಯದಲ್ಲಿ ಜನ ಉಲ್ಟಾ ಯೋಚಿಸುತ್ತಾರೆ. ಫಳಫಳ ಕಪ್ಪು ನೀಲಿ ಹೊಳೆಯುತ್ತಿದ್ದರೆ ಒಳ್ಳೆ ಮಾಲು, ಸವೆದು ಬೂದು ಬಣ್ಣ ಬಂದಿದ್ದರೆ ಹಳಸಿದ್ದು ಅಂತ. ನನಗೆ ಹೊಳೆಯುವ ಹಳೆ ರೈಫಲ್ ಕಂಡರೆ ಅನುಮಾನ ಜಾಸ್ತಿ. ಉಕ್ಕಿನ ಮೇಲಿನ ಈ ಕಪ್ಪು ನೀಲಿ ಬಣ್ಣ, ಅಂದರೆ ಬ್ಲೂಯಿಂಗ್, ಹೊಸದಾಗಿ ಮಾಡಬೇಕಾದರೆ ಮೊದಲು ಹಳೇದನ್ನು, ತುಕ್ಕನ್ನು ಉಜ್ಜಿ ತೆಗೆಯಬೇಕು. ಆಗ ಕಬ್ಬಿಣದ ಜೊತೆ ಅಕ್ಷರವೂ ಸವೆಯುತ್ತದೆ. ಬ್ಯಾರೆಲ್ ಮೇಲಿನ ಬರಹವನ್ನು ಓರೆ ಬೆಳಕಿಗೆ ಹಿಡಿದು ನೋಡಿ. ಮೂಲದ್ದಾದರೆ ಅಕ್ಷರದ ಅಂಚು ಚೂಪಾಗಿ, ಒತ್ತಿದ ಲೋಹ ಸುತ್ತ ಸ್ವಲ್ಪ ಉಬ್ಬಿದ ಹಾಗೆ ಇರುತ್ತದೆ. ಉಜ್ಜಿದ್ದಾದರೆ ಅಕ್ಷರ ತೆಳುವಾಗಿ, ಒಂದು ಕಡೆ ಆಳ ಒಂದು ಕಡೆ ಮಾಯ. ಸ್ಕ್ರೂ ತೂತಿನ ಸುತ್ತ ಲೋಹ ತಟ್ಟೆಯ ಹಾಗೆ ತಗ್ಗಿದ್ದರೆ ಅದು ಪಾಲಿಶ್ ಚಕ್ರದ ಕೆಲಸ. ರಿಸೀವರಿನ ಚೂಪು ಅಂಚುಗಳು ದುಂಡಾಗಿದ್ದರೂ ಅದೇ. ಮುಚ್ಚಿಟ್ಟ ಬಣ್ಣದ ಕೆಳಗೆ ಎಷ್ಟು ತುಕ್ಕಿನ ಗುಳಿ ಇತ್ತೋ ಯಾರಿಗೆ ಗೊತ್ತು? ಅದಕ್ಕಿಂತ ಕೈ ಹಿಡಿದು ಹಿಡಿದು ಸವೆದ, ಮ್ಯಾಗಜೀನ್ ಹತ್ತಿರ ಬಿಳಿಚಿಕೊಂಡ ರೈಫಲ್ ಎಷ್ಟೋ ಮೇಲು. ಅದು ತನ್ನ ವಯಸ್ಸನ್ನು ಮುಚ್ಚಿಟ್ಟಿಲ್ಲ.

ಬ್ಯಾರೆಲ್ಲಿಗೆ ಬರೋಣ. ಇಲ್ಲಿ ಅವಸರ ಮಾಡಬಾರದು.

ಮಾರುವವರು ಬ್ಯಾರೆಲ್ ಒಳಗೆ ಎಣ್ಣೆ ಹಚ್ಚಿಟ್ಟಿರುತ್ತಾರೆ. ಎಣ್ಣೆ ಇದ್ದರೆ ಎಂಥ ಬ್ಯಾರೆಲ್ಲೂ ಹೊಳೆಯುತ್ತದೆ. ಅದಕ್ಕೆ ನಾನು ಜೇಬಲ್ಲಿ ಒಣ ಬಟ್ಟೆ ಚೂರು, ದಾರದ ಪುಲ್-ಥ್ರೂ ಇಟ್ಟುಕೊಂಡೇ ಹೋಗುತ್ತೇನೆ. ಕೇಳಿ, ಒಪ್ಪಿಗೆ ತೆಗೆದುಕೊಂಡು, ಬಟ್ಟೆ ಎಳೆಯುತ್ತೇನೆ. ಬೇಡ ಅಂದರೆ ನಮಸ್ಕಾರ ಹೇಳಿ ಬರುತ್ತೇನೆ. ಒರೆಸಿದ ಮೇಲೆ ಬೋಲ್ಟ್ ತೆಗೆದು ಹಿಂದಿನಿಂದ ನೋಡಬೇಕು. ನೇರ ದೀಪದ ಕಡೆ ಹಿಡಿದರೆ ಕಣ್ಣು ಕುಕ್ಕುತ್ತದೆ, ಏನೂ ಕಾಣಿಸುವುದಿಲ್ಲ. ಬಿಳಿ ಗೋಡೆಯ ಕಡೆ ಹಿಡಿಯಿರಿ. ತಿರುಚಿಕೊಂಡು ಹೋಗುವ ಗೆರೆಗಳ ಅಂಚು ಬಾಯಿಯವರೆಗೂ ಕಡಿಯದೆ ಕಾಣಬೇಕು. ಕಪ್ಪು ಚುಕ್ಕೆ ಕಂಡರೆ ಕೊಳೆಯೋ ಗುಳಿಯೋ ಅಂತ ತಿಳಿಯಲು ಇನ್ನೊಮ್ಮೆ ಒರೆಸಬೇಕು. ಕೊಳೆ ಜಾಗ ಬದಲಿಸುತ್ತದೆ, ಗುಳಿ ಅಲ್ಲೇ ಇರುತ್ತದೆ.

ಈ ಗುಳಿಗಳಿಗೆ ದೊಡ್ಡ ಕಾರಣ ಹಳೆ ತೋಟೆಗಳ ಪ್ರೈಮರ್, ಅಂದರೆ ತೋಟೆಯ ತಳದಲ್ಲಿ ಕಿಡಿ ಹಚ್ಚುವ ಮದ್ದು. ಅದರಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಮೇಲೆ ಉಪ್ಪು ಉಳಿದು ಬ್ಯಾರೆಲ್ ಒಳಗೆ ಅಂಟಿಕೊಳ್ಳುತ್ತದೆ, ಗಾಳಿಯ ತೇವ ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಎಣ್ಣೆ ಹಚ್ಚಿದರೆ ಉಪ್ಪು ಹೋಗುವುದಿಲ್ಲ, ನೀರೇ ಬೇಕು. ಬಿಸಿ ನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿದವರ ರೈಫಲ್ ಉಳಿದವು. ಸಂಜೆ ಸುಸ್ತಾಗಿ ಬಂದು ನಾಳೆ ನೋಡೋಣ ಅಂದವರದ್ದು ಗುಳಿ ಬಿದ್ದವು. ಅಲ್ಲಲ್ಲಿ ಸಣ್ಣ ಗುಳಿ ಇದ್ದರೂ ಎಷ್ಟೋ ರೈಫಲ್ ನೆಟ್ಟಗೆ ಹೊಡೆಯುತ್ತವೆ, ಗುಂಡಿನ ಮೇಲ್ಪದರದ ತಾಮ್ರ ಬೇಗ ಹತ್ತಿ ಒರೆಸುವ ಕೆಲಸ ಜಾಸ್ತಿ ಆಗುತ್ತದೆ ಅಷ್ಟೆ. ಬೆಲೆ ಇಳಿಸಿ ಕೊಟ್ಟರೆ ನಾನು ತೆಗೆದುಕೊಳ್ಳುತ್ತೇನೆ. ಬಾಯಿಯ ಹತ್ತಿರ ಗುಳಿ ಇದ್ದರೆ ಮಾತ್ರ ಬೇಡ.

ಬಾಯಿ ಅಂದರೆ ಗುಂಡು ಬ್ಯಾರೆಲ್ಲನ್ನು ಬಿಡುವ ಕೊನೆ ಜಾಗ. ಕ್ರೌನ್ ಅಂತ ಕರೆಯುವ ಆ ಅಂಚು ಸುತ್ತಲೂ ಸಮ ಇರಬೇಕು. ಒಂದು ಕಡೆ ಸವೆದಿದ್ದರೆ ಮದ್ದು ಉರಿದ ಬಿಸಿ ಗಾಳಿ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ತಳ್ಳುತ್ತದೆ. ಟ್ರಿಗರಿನ ಕೆಳಗಿನ ಹಿಡಿ ಎಳೆದು ತೋಟೆ ಏರಿಸುವ ಲಿವರ್ ರೈಫಲ್ಲುಗಳಲ್ಲಿ ಇದು ಜಾಸ್ತಿ, ಯಾಕೆಂದರೆ ವಿಂಚೆಸ್ಟರ್ 94ರಂಥವನ್ನು ಹಿಂದಿನಿಂದ ಒರೆಸಲು ಆಗುವುದಿಲ್ಲ. ಜನ ಬಾಯಿಯಿಂದಲೇ ಸರಳು ತೂರಿಸಿ ವರ್ಷಗಟ್ಟಲೆ ಉಜ್ಜಿರುತ್ತಾರೆ. ಸಮಾಧಾನದ ಮಾತೆಂದರೆ ಕ್ರೌನ್ ಮತ್ತೆ ಕತ್ತರಿಸಬಹುದು, ಲೇತ್ ಮೇಲೆ ದೊಡ್ಡ ಕೆಲಸವಲ್ಲ. ಮಾರುವವರಿಗೆ ಅದು ಹಾಳಾದ ಬ್ಯಾರೆಲ್, ನನಗೆ ಒಂದು ಮಧ್ಯಾಹ್ನದ ಕೆಲಸ.

ಹೊಸಬರು ಬ್ಯಾರೆಲ್ ನೋಡಿ ಸುಮ್ನೆ ಹೆದರುವುದೂ ಉಂಟು. ಮಾರ್ಲಿನ್ 336ರಲ್ಲಿ 1950ರ ದಶಕದಿಂದ ಮೈಕ್ರೋ-ಗ್ರೂವ್ ಬಂತು. ಗೆರೆಗಳು ಬಹಳ, ಆಳ ತೀರಾ ಕಡಿಮೆ. ನೋಡಿದರೆ ಪೂರ್ತಿ ಸವೆದಂತೆ ಕಾಣುತ್ತದೆ. ಎರಡನೇ ಮಹಾಯುದ್ಧ ಕಾಲದ ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ನಂಬರ್ 4ರಲ್ಲಿ ಎರಡೇ ಗೆರೆಯ ಬ್ಯಾರೆಲ್ ಇರುತ್ತದೆ, ಅದೂ ಕಾರ್ಖಾನೆಯದ್ದೇ. ಗೊತ್ತಿಲ್ಲದವನು ಬೇಡ ಅಂತ ಇಟ್ಟು ಹೋದರೆ ಹಿಂದೆ ನಿಂತವನಿಗೆ ಲಾಭ.

ಮುಂದಿನದು ಜೀವದ ವಿಷಯ, ಇಲ್ಲಿ ಚೌಕಾಸಿ ಇಲ್ಲ. ಬೋಲ್ಟ್ ಮುಖಕ್ಕೂ ಬ್ಯಾರೆಲ್ಲಿನ ಬುಡದ ತೋಟೆ ಗೂಡಿನಲ್ಲಿ (ಚೇಂಬರ್) ತೋಟೆ ತಡೆದು ನಿಲ್ಲುವ ಜಾಗಕ್ಕೂ ನಡುವೆ ಇರುವ ಅಂತರವೇ ಹೆಡ್‌ಸ್ಪೇಸ್. ಅದು ಜಾಸ್ತಿಯಾದರೆ ಹಾರಿಸಿದಾಗ ತೋಟೆಯ ಹಿತ್ತಾಳೆ ಹಿಂದಕ್ಕೆ ಎಳೆದು ತೆಳುವಾಗುತ್ತದೆ, ಕೊನೆಗೆ ತುಂಡಾಗಿ ಬಿಸಿ ಗಾಳಿ ಮುಖಕ್ಕೆ ಬರುತ್ತದೆ. ಅಳೆಯಲು ಗೋ, ನೋ-ಗೋ ಗೇಜುಗಳಿವೆ. ಗೋ ಹಾಕಿದಾಗ ಬೋಲ್ಟ್ ಮುಚ್ಚಬೇಕು, ನೋ-ಗೋ ಹಾಕಿದಾಗ ಮುಚ್ಚಬಾರದು. ಕೊಳ್ಳುವ ಜಾಗದಲ್ಲಿ ಗೇಜು ಇಲ್ಲದಿದ್ದರೆ ನಂಬರಾದರೂ ನೋಡಿ. ಮೌಸರ್ 98ರ ಮಾದರಿಯವುಗಳಲ್ಲಿ ಬೋಲ್ಟಿನ ಮೇಲಿನ ನಂಬರ್ ರಿಸೀವರಿನದಕ್ಕೆ ಹೊಂದುತ್ತದೆಯಾ? ಹೊಂದದಿದ್ದರೆ ಅದು ಬೇರೆ ರೈಫಲ್ಲಿನ ಬೋಲ್ಟ್. ಹಾಗೆಂದು ಅಪಾಯ ಖಚಿತ ಅಂತಲ್ಲ, ಗೇಜು ಹಾಕದೆ ಹಾರಿಸಬಾರದು ಅಂತ. ಲೀ-ಎನ್‌ಫೀಲ್ಡ್ ನಂಬರ್ 4ಕ್ಕೆ ಬೋಲ್ಟ್ ತಲೆ 0ಯಿಂದ 3ರವರೆಗೆ ನಾಲ್ಕು ಅಳತೆಯಲ್ಲಿ ಬರುತ್ತಿತ್ತು, ಅಂತರ ಬೆಳೆದರೆ ಮುಂದಿನ ನಂಬರಿನ ತಲೆ ಹಾಕುತ್ತಿದ್ದರು. 3 ಅಂತ ಕಂಡರೆ ನಾನು ಇನ್ನೂ ಸ್ವಲ್ಪ ಹುಷಾರಾಗಿ ನೋಡುತ್ತೇನೆ.

ಅಗ್ಗದಲ್ಲಿ ಸಿಗುವ, ಆದರೆ ಹಾರಿಸುವುದಕ್ಕೆ ನಾನು ಕೊಳ್ಳದ ರೈಫಲ್ಲೂ ಒಂದಿದೆ, ಅಮೆರಿಕದ ಸೈನ್ಯದ್ದು. ಸ್ಪ್ರಿಂಗ್‌ಫೀಲ್ಡ್ 1903. ಇದರ ರಿಸೀವರ್ ಮೇಲೆ ಬಹಳ ಜನ ಚಂದದ ಬೇಟೆ ರೈಫಲ್ ಕಟ್ಟಿಸಿದ್ದಾರೆ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯದಾದರೆ 8 ಲಕ್ಷಕ್ಕಿಂತ ಕೆಳಗಿನ ನಂಬರ್, ರಾಕ್ ಐಲೆಂಡ್ ಕಾರ್ಖಾನೆಯದಾದರೆ 2,85,507ಕ್ಕಿಂತ ಕೆಳಗಿನ ನಂಬರ್ ಇರುವವುಗಳ ಉಕ್ಕನ್ನು ಕಾಯಿಸಿ ಹದ ಮಾಡಿದ್ದು ಸರಿ ಇರಲಿಲ್ಲ. ಆಗ ಕಾದ ಉಕ್ಕಿನ ಬಣ್ಣವನ್ನು ಕಣ್ಣಲ್ಲಿ ನೋಡಿ ಶಾಖ ಅಂದಾಜು ಮಾಡುತ್ತಿದ್ದರು. ಕೆಲವು ಪೆಡಸಾಗಿ ಒಡೆದಿವೆ. ಎಷ್ಟೇ ಒಳ್ಳೆ ಮರ ಇರಲಿ, ಅದು ಗೋಡೆಗೆ ತೂಗುಹಾಕಲು ಮಾತ್ರ.

ಜರ್ಮನ್ ಹಳೆ ರೈಫಲ್ಲುಗಳಲ್ಲಿ ಒಂದು ಅಕ್ಷರ ನೋಡಿ. 8×57 ತೋಟೆ ಎರಡು ಬಗೆ. ಹಳೆಯದರ ಗುಂಡು .318 ಇಂಚು, ಆಮೇಲೆ ಬಂದದ್ದು .323. ದಪ್ಪ ಗುಂಡಿನದಕ್ಕೆ ಹೆಸರಿನಲ್ಲಿ ಎಸ್ ಅಕ್ಷರ ಸೇರುತ್ತದೆ. ಎಸ್ ಇಲ್ಲದ ಬ್ಯಾರೆಲ್ಲಿಗೆ ಎಸ್ ತೋಟೆ ಹಾಕಿದರೆ ಒತ್ತಡ ಮಿತಿಮೀರುತ್ತದೆ. ಅನುಮಾನ ಇದ್ದರೆ ಮೆತ್ತನೆ ಸೀಸದ ಉಂಡೆಯೊಂದನ್ನು ಬ್ಯಾರೆಲ್ಲಿನಲ್ಲಿ ನೂಕಿಸಿ, ಹೊರಬಂದದ್ದನ್ನು ಮೈಕ್ರೋಮೀಟರಿನಲ್ಲಿ ಅಳೆಯಬೇಕು.

ಸೇಫ್ಟಿಯ ಪರೀಕ್ಷೆ ಅರ್ಧ ನಿಮಿಷದ್ದು. ಖಾಲಿ ರೈಫಲ್ ಕಾಕ್ ಮಾಡಿ, ಸೇಫ್ಟಿ ಹಾಕಿ, ಟ್ರಿಗರ್ ಗಟ್ಟಿಯಾಗಿ ಎಳೆದು ಬಿಡಿ. ಈಗ ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೆಯಿರಿ. ಒಳಗಿನ ಫೈರಿಂಗ್ ಪಿನ್ ಟಕ್ ಅಂತ ಬಿದ್ದರೆ ಆ ಟ್ರಿಗರ್ ಕೆಟ್ಟಿದೆ. ಬೋಲ್ಟನ್ನು ಜೋರಾಗಿ ಮುಚ್ಚಿದಾಗ ಬಿದ್ದರೂ ಅಷ್ಟೆ. ಇದನ್ನೂ ಮಾರುವವರನ್ನು ಕೇಳಿಯೇ ಮಾಡಿ, ಒಳಗೆ ಸ್ನ್ಯಾಪ್ ಕ್ಯಾಪ್ ಅನ್ನುವ ನಕಲಿ ತೋಟೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮರದ ಬಿರುಕು ಮೂರು ಜಾಗದಲ್ಲಿ ಹುಡುಕಿ: ರಿಸೀವರಿನ ಹಿಂಬಾಲದ (ಟ್ಯಾಂಗ್) ಹಿಂದೆ, ಕೈ ಹಿಡಿಯುವ ಸಣ್ಣ ಭಾಗದಲ್ಲಿ, ಒದೆತ ತಡೆದು ಮರಕ್ಕೆ ತಾಗುವ ಉಬ್ಬಿನ (ಲಗ್) ಹತ್ತಿರ. ಬಾಯಿ ಮೇಲೆ ಮಾಡಿ ವರ್ಷಗಟ್ಟಲೆ ನಿಲ್ಲಿಸಿದ ರೈಫಲ್ಲಿನಲ್ಲಿ ಎಣ್ಣೆ ಇಳಿದಿಳಿದು ಟ್ಯಾಂಗಿನ ಸುತ್ತ ಮರ ಕಪ್ಪಾಗಿ ಮೆತ್ತಗಾಗಿರುತ್ತದೆ. ಉಗುರು ಒತ್ತಿದರೆ ಗುರುತು ಬೀಳುತ್ತದೆ. ಮೆತ್ತನೆ ಮರ ಒದೆತ ತಡೆಯುವುದಿಲ್ಲ, ಅಲ್ಲಿಂದಲೇ ಸೀಳು ಶುರು. ಗೀರು, ಮಚ್ಚೆ, ಹೊಳಪು ಹೋದದ್ದಕ್ಕೆಲ್ಲ ನಾನು ಲೆಕ್ಕ ಇಡುವುದಿಲ್ಲ.

ತೋಟೆಯ ಬಗ್ಗೆ ಒಂದು ಮಾತು. ರೈಫಲ್ ಅಗ್ಗ ಇದೆ ಅಂದರೆ ಎಷ್ಟೋ ಸಲ ತೋಟೆ ಸಿಗುವುದಿಲ್ಲ ಅಂತಲೇ ಅರ್ಥ. ಸ್ಯಾವೇಜ್ 99 ನೋಡಿ. ಹಿತ್ತಾಳೆಯ ತಿರುಗುವ ಮ್ಯಾಗಜೀನ್, ಎಡಗಡೆ ಸಣ್ಣ ಕಿಟಕಿಯಲ್ಲಿ ಎಷ್ಟು ತೋಟೆ ಉಳಿದಿದೆ ಅಂತ ಅಂಕಿ ಕಾಣುತ್ತದೆ. ಕೈಗೆ ಬಂದರೆ ಬಿಡಲು ಮನಸ್ಸಾಗುವುದಿಲ್ಲ. ಅದೇ 99 ರೈಫಲ್ .308 ತೋಟೆಯಲ್ಲಿದ್ದರೆ ಒಂದು ಬೆಲೆ, .303 ಸ್ಯಾವೇಜಿನಲ್ಲಿದ್ದರೆ ಇನ್ನೊಂದು. ಈ .303 ಸ್ಯಾವೇಜಿಗೂ .303 ಬ್ರಿಟಿಷ್ ತೋಟೆಗೂ ಹೆಸರು ಬಿಟ್ಟರೆ ಸಂಬಂಧವೇ ಇಲ್ಲ, ಒಂದರದ್ದು ಇನ್ನೊಂದಕ್ಕೆ ಹಾಕುವಂತಿಲ್ಲ. ಸ್ವೀಡನ್ನಿನ ಹುಸ್ಕ್‌ವರ್ನಾ ರೈಫಲ್ಲುಗಳದ್ದೂ ಇದೇ ಕತೆ. ಮೌಸರ್ ಮಾದರಿಯ ಬೋಲ್ಟ್ ಮತ್ತು ರಿಸೀವರ್, ಅಚ್ಚುಕಟ್ಟು ಕೆಲಸ. 6.5×55ರಲ್ಲಿದ್ದರೆ ಜನ ಮುಗಿಬೀಳುತ್ತಾರೆ, 9.3×57ರಲ್ಲಿದ್ದರೆ ಮುಖ ತಿರುಗಿಸುತ್ತಾರೆ. ಖಾಲಿ ತೋಟೆಗೆ ತಾವೇ ಮದ್ದು ತುಂಬಿಕೊಳ್ಳುವವರು, ಕಾನೂನು ಒಪ್ಪಿದರೆ, ಇಂಥವನ್ನು ಧೈರ್ಯವಾಗಿ ನೋಡಬಹುದು. ಉಳಿದವರು ಮೊದಲು ತೋಟೆ ಎಲ್ಲಿ ಸಿಗುತ್ತದೆ ವಿಚಾರಿಸಿ, ಆಮೇಲೆ ರೈಫಲ್ ಕೇಳಿ.

ಬಿಡಿ ಭಾಗವೂ ಹಾಗೆ. ರೆಮಿಂಗ್ಟನ್ 788 ಅಂತ ಒಂದಿದೆ, 1967ರಿಂದ 1983ರವರೆಗೆ ಬಂತು. ಬಡವರ ರೈಫಲ್ ಆಗಿ ಹುಟ್ಟಿ, ನೆಟ್ಟಗೆ ಹೊಡೆಯುತ್ತದೆ ಅಂತ ಹೆಸರು ಮಾಡಿತು. ಕಳಚುವ ಮ್ಯಾಗಜೀನ್ ಕಳೆದುಹೋಗಿದ್ದರೆ ಮಾತ್ರ ಹುಡುಕಿ ಸಾಕಾಗುತ್ತದೆ. ಮ್ಯಾಗಜೀನ್, ಹಿಂದಿನ ಸೈಟು, ಬೋಲ್ಟ್ ಎಲ್ಲ ಇವೆಯಾ ಎಣಿಸಿ. ಹಳೆ ಸ್ಕೋಪಿಗೆ ನಾನು ಬೆಲೆ ಕಟ್ಟುವುದಿಲ್ಲ. ಅಮೆರಿಕದ ಎಲ್ ಪಾಸೊದಲ್ಲಿ ಮಾಡುತ್ತಿದ್ದ ವೀವರ್ ಕೆ4 ಸ್ಕೋಪ್ ಕಂಡರೆ ಒಂದು ಕ್ಷಣ ಆಸೆ ಆಗುತ್ತದೆ ನಿಜ, ಆದರೆ ಒಳಗೆ ಮಂಜು ಕಟ್ಟಿದ್ದರೆ ಅದು ಅಲಂಕಾರ ಅಷ್ಟೆ.

ವಯಸ್ಸು ತಿಳಿಯಲು ಮಾರುವವರ ಮಾತು ಬೇಕಿಲ್ಲ. ಹಳೆ ರೆಮಿಂಗ್ಟನ್ ಬ್ಯಾರೆಲ್ಲಿನ ಎಡಗಡೆ, ರಿಸೀವರಿನ ಮುಂದೆ ಸಣ್ಣ ಅಕ್ಷರಗಳಿರುತ್ತವೆ. ಮೊದಲನೆಯದು ತಿಂಗಳು: ಬಿ ಅಂದರೆ ಜನವರಿ, ಎಲ್ ಫೆಬ್ರವರಿ, ಎ ಮಾರ್ಚ್, ಹೀಗೆ ಬ್ಲ್ಯಾಕ್‌ಪೌಡರ್ (BLACKPOWDER) ಪದದ ಅಕ್ಷರಗಳನ್ನು ಒಂದೊಂದಾಗಿ ಓದುತ್ತಾ ಹೋಗಿ ಕೊನೆಗೆ ಎಕ್ಸ್ ಬಂದರೆ ಡಿಸೆಂಬರ್. ಅದರ ಪಕ್ಕದ್ದು ವರ್ಷ. ಯುರೋಪಿನ ಬಹಳ ರೈಫಲ್ಲುಗಳ ಮೇಲೆ ಪ್ರೂಫ್ ಮುದ್ರೆ, ಅಂದರೆ ಒತ್ತಡ ತಡೆಯುತ್ತದೆ ಅಂತ ಪರೀಕ್ಷಿಸಿದ ಗುರುತು, ಇರುತ್ತದೆ, ಬರ್ಮಿಂಗ್‌ಹ್ಯಾಮ್, ಲೀಜ್ ಹೀಗೆ. ಅದು ಎಲ್ಲಿ, ಯಾವ ಕಾಲದಲ್ಲಿ, ಎಂಥ ಮದ್ದಿಗೆ ಪರೀಕ್ಷೆ ಆಯಿತು ಅಂತ ಹೇಳುತ್ತದೆ. "ನಮ್ಮ ಅಜ್ಜ ಇದರಲ್ಲೇ ಹುಲಿ ಹೊಡೆದಿದ್ದರು" ಅನ್ನುವ ಕತೆಗೆ ಕಾಗದ ಇಲ್ಲದಿದ್ದರೆ ನಾನು ತಲೆ ಆಡಿಸಿ ಕೇಳುತ್ತೇನೆ, ದುಡ್ಡು ಎಣಿಸುವುದಿಲ್ಲ.

ಬೆಲೆ ಗೊತ್ತಾಗಬೇಕಾದರೆ ಕೇಳುವ ಬೆಲೆ ನೋಡಬೇಡಿ, ಮಾರಿಹೋದ ಬೆಲೆ ನೋಡಿ. ಕೇಳುವುದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು ಅಲ್ವಾ? ಹರಾಜಿನ ಫಲಿತಾಂಶಗಳಲ್ಲಿ ಅದೇ ಮಾಡೆಲ್, ಅದೇ ತೋಟೆ, ಹೆಚ್ಚು ಕಮ್ಮಿ ಅದೇ ಸ್ಥಿತಿ ಇರುವುದನ್ನು ಹುಡುಕಿ. ಆ ಮೊತ್ತದಿಂದ ನೀವು ಮಾಡಿಸಬೇಕಾದ ರಿಪೇರಿ ಕಳೆಯಿರಿ. ನಾನು ಮಾರುವವರ ಮುಂದೆಯೇ ಬರೆದು ತೋರಿಸುತ್ತೇನೆ: ಪ್ಯಾಡ್ ಇಷ್ಟು, ಕ್ರೌನ್ ಇಷ್ಟು, ಎರಡು ಸ್ಕ್ರೂ ಇಷ್ಟು. ಮಾಲನ್ನು ಬೈದರೆ ಜನ ಗಟ್ಟಿಯಾಗುತ್ತಾರೆ. ಲೆಕ್ಕ ತೋರಿಸಿದರೆ ಕೂತು ಮಾತಾಡುತ್ತಾರೆ.

ಮನೆಗೆ ತಂದ ಮೇಲೆ ಬೋಲ್ಟ್ ಬಿಚ್ಚಿ ಒಳಗಿನ ಗ್ರೀಸ್ ತೊಳೆಯಿರಿ. ಹಳೆ ಗ್ರೀಸ್ ಅಂಟಾಗಿ ಫೈರಿಂಗ್ ಪಿನ್ ನಿಧಾನವಾಗುತ್ತದೆ, ಚಳಿಯಲ್ಲಿ ಪ್ರೈಮರ್ ಹೊತ್ತುವುದೇ ಇಲ್ಲ. ಗೇಜು ಹಾಕಿಸಿಯಾದ ಮೇಲೆ ಮೊದಲ ಸಲ ಹಾರಿಸಿದ ಖಾಲಿ ತೋಟೆಗಳನ್ನು ಎಸೆಯಬೇಡಿ. ಪೇಪರ್ ಕ್ಲಿಪ್ ನೇರ ಮಾಡಿ, ತುದಿ ಮಾತ್ರ ಬಗ್ಗಿಸಿ, ಒಳಗೆ ತೂರಿಸಿ ಗೋಡೆಗೆ ತಾಗಿಸಿ ತಳದಿಂದ ಮೇಲಕ್ಕೆ ಎಳೆಯಿರಿ. ತಳದಿಂದ ಸ್ವಲ್ಪ ಮೇಲೆ ತುದಿ ಒಂದು ತಗ್ಗಿಗೆ ಬಿದ್ದ ಹಾಗೆ ಕೈಗೆ ತಿಳಿದರೆ, ಅಥವಾ ಹೊರಗೆ ಅದೇ ಜಾಗದಲ್ಲಿ ಹೊಳೆಯುವ ಉಂಗುರ ಕಂಡರೆ, ಅದು ಹಿತ್ತಾಳೆ ಎಳೆದು ತೆಳುವಾಗುತ್ತಿರುವ ಗುರುತು. ರೈಫಲ್ ಪಕ್ಕಕ್ಕಿಟ್ಟು ಕೋವಿ ರಿಪೇರಿಯವರ ಹತ್ತಿರ ಹೋಗಿ. ನುಣ್ಣಗೆ ಬಂದರೆ ಪ್ಯಾಡ್ ಬದಲಿಸುವುದು, ಮರಕ್ಕೆ ಎಣ್ಣೆ ಹಚ್ಚುವುದು, ಸ್ಕ್ರೂ ಹೊಸದು ಹಾಕುವುದು ಎಲ್ಲ ಬಿಡುವಾದಾಗ ಮಾಡಿಕೊಂಡರಾಯಿತು.